ಕೊನೆಗೆ ಬಂದವನ ಪಾಡು: ಎರಡು ಮಹಾನಗರಗಳ ಜಮಾಖರ್ಚಿನ ಕಥೆ

ರಾಜ್ಯೋತ್ಸವದ ಸಂಚಿಕೆಯೆಂದರೆ ಅದರಲ್ಲಿ ಕದಂಬರ, ಚಾಲುಕ್ಯರ, ವಿಜಯನಗರದ ಅರಸರ ವೈಭವವನ್ನು ಓದುಗರು ನಿರೀಕ್ಷಿಸುವುದು ಸಹಜವೇ ಸರಿ. ಆ ವೈಭವವನ್ನು ಬಣ್ಣಿಸಲು ನಮಗಿಂತ ಬಲ್ಲವರು ಬಹಳ ಮಂದಿ ಇದ್ದಾರೆ. ನಾವು ಈ ಸಲ ಅರಸರ ಶಾಸನಗಳನ್ನು ಬದಿಗಿರಿಸಿ, ಊರಿನ ಜಮಾಖರ್ಚಿನ ಪುಸ್ತಕವನ್ನು ತೆರೆದು ನೋಡಬೇಕೆಂದಿದ್ದೇವೆ. ಇದೆಂತಹ ಒಣ ವಿಷಯವೆಂದು ಯಾರೂ ಮುಖ ತಿರುಗಿಸಬಾರದಾಗಿ ವಿನಂತಿ. ಹುಟ್ಟಿದ ಊರನ್ನು ಬಿಟ್ಟು ಈ ಮುಂಬಯಿಗೆ ಬಂದು ನೆಲೆಸಿದ ನಮ್ಮಂಥವರ ಬಾಳು ನಿಂತಿರುವುದು ಅರಮನೆಯ ಮೇಲಲ್ಲ, ನಗರಸಭೆಯ ಮೇಲೆ. ಬೆಳಗಿನ ಜಾವ ನಲ್ಲಿಯಲ್ಲಿ ಬರುವ ನೀರು, ಬೀದಿಯ ದೀಪ, ಕಸದ ಗಾಡಿ, ಹೆರಿಗೆಯ ಆಸ್ಪತ್ರೆ, ಮಕ್ಕಳ ಶಾಲೆ ಇವೆಲ್ಲ ಆ ಒಂದು ಪುಸ್ತಕದ ಬೇರೆ ಬೇರೆ ಪುಟಗಳೇ ಅಲ್ಲವೆ? ಮುಂಬಯಿಯ ನಗರಸಭೆ ಮರಾಠಿ, ಗುಜರಾತಿ, ಹಿಂದಿ, ಉರ್ದು ಶಾಲೆಗಳ ಜೊತೆಗೆ ಕನ್ನಡ ಶಾಲೆಗಳನ್ನೂ ನಡೆಸುತ್ತ ಬಂದಿದೆ. ಪರಸ್ಥಳದಲ್ಲಿ ನಮ್ಮ ಎಷ್ಟೋ ಮನೆಗಳ ಮಕ್ಕಳು ಕನ್ನಡ ಅಕ್ಷರವನ್ನು ತಿದ್ದಿದ್ದು ಆ ಶಾಲೆಗಳ ಬೆಂಚಿನ ಮೇಲೆಯೇ.

ಆದುದರಿಂದ ನಗರಸಭೆಯ ಬೊಕ್ಕಸ ಬರಿದಾಯಿತು, ನೌಕರರನ್ನು ಕಡಿಮೆ ಮಾಡುತ್ತಾರಂತೆ ಎಂಬ ಮಾತು ಎಲ್ಲಿ ಹುಟ್ಟಿದರೂ ಅದು ನಮಗೆ ದೂರದ ಮಾತಾಗಲಾರದು. ಇಂಥ ಸಂಕಟ ಎರಡು ದೊಡ್ಡ ನಗರಗಳಿಗೆ ಬಂದುದನ್ನು ನಾವಿಲ್ಲಿ ನೆನೆಯುತ್ತೇವೆ. ಒಂದು, ನಾವಿರುವ ಮುಂಬಯಿ. ಇನ್ನೊಂದು, ಕಡಲಾಚೆಯ ನ್ಯೂಯಾರ್ಕ್. ಮೊದಲನೆಯದರಲ್ಲಿ ಜನಕ್ಕೆ ಲೆಕ್ಕ ಕೇಳುವ ಹಕ್ಕು ಇರಲಿಲ್ಲ. ಎರಡನೆಯದರಲ್ಲಿ ಹಕ್ಕು ಇತ್ತು, ಕೇಳುವವರು ಇರಲಿಲ್ಲ.

ಮುಂಬಯಿಯ ಮಾತು ಮೊದಲು ಬರಲಿ. ಅಮೆರಿಕದಲ್ಲಿ 1861ರಲ್ಲಿ ಅಂತರ್ಯುದ್ಧ ಹೊತ್ತಿಕೊಂಡು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಿತು. ನಮ್ಮ ದೇಶದ ಹತ್ತಿಗೆ ಬಂಗಾರದ ಬೆಲೆ ಬಂತು. ಮುಂಬಯಿಯಲ್ಲಿ ಹಣದ ಹೊಳೆಯೇ ಹರಿಯಿತು. ಕಡಲನ್ನು ತುಂಬಿ ನೆಲ ಮಾಡುವ ಕಂಪನಿಗಳೂ ಬ್ಯಾಂಕುಗಳೂ ನಾಯಿಕೊಡೆಗಳಂತೆ ಎದ್ದವು. 1864ರ ಜನಗಣತಿಯಲ್ಲಿ ಈ ಊರಿನ ಜನಸಂಖ್ಯೆ 8,16,562 ಎಂದು ದಾಖಲಾಯಿತು. ಮರುವರ್ಷ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಬಿತ್ತು, 1865ರ ಜುಲೈ ಹೊತ್ತಿಗೆ ಷೇರುಗಳ ಕಾಗದ ಬರಿಯ ಕಾಗದವಾಯಿತು. 1872ರ ಗಣತಿಯಲ್ಲಿ ಉಳಿದವರು 6,44,405 ಮಂದಿ ಮಾತ್ರ. ಕೆಲಸ ಹುಡುಕಿಕೊಂಡು ಬಂದವರು ಕೆಲಸವಿಲ್ಲದೆ ತಿರುಗಿ ತಮ್ಮ ತಮ್ಮ ಊರ ದಾರಿ ಹಿಡಿದಿದ್ದರು.

ಇದೇ 1865ರಲ್ಲಿ ನಗರದ ಆಡಳಿತಕ್ಕೆ ಹೊಸ ಕಾಯಿದೆ ಬಂದು, ಆರ್ಥರ್ ಕ್ರಾಫರ್ಡ್ ಎಂಬ ಅಧಿಕಾರಿ ಮೊದಲ ಮ್ಯುನಿಸಿಪಲ್ ಕಮಿಷನರ್ ಆದನು. ಆತನಿಗೆ ಮೇಲಿದ್ದ ಸಭೆ ಸರಕಾರವೇ ನೇಮಿಸಿದ ಗಣ್ಯರದು. ತೆರಿಗೆ ಕೊಡುವವರು ಆರಿಸಿದ್ದಲ್ಲ. ಕ್ರಾಫರ್ಡ್ ದಕ್ಷನೇ ಹೌದು. ಚರಂಡಿ ತೋಡಿಸಿದನು, ರಸ್ತೆ ಅಗಲ ಮಾಡಿಸಿದನು, ಕಸಾಯಿಖಾನೆಯನ್ನು ಊರೊಳಗಿಂದ ಬಾಂದ್ರಾಕ್ಕೆ ಸಾಗಿಸಿದನು, ದೊಡ್ಡದೊಂದು ಮಂಡಿ ಕಟ್ಟಿಸಿದನು. ಇಂದು ಮಹಾತ್ಮಾ ಜ್ಯೋತಿಬಾ ಫುಲೆ ಮಂಡಿಯೆಂದು ಹೆಸರಾಗಿರುವ ಆ ಕಟ್ಟಡವನ್ನು ಹಳಬರು ಈಗಲೂ ಕ್ರಾಫರ್ಡ್ ಮಾರ್ಕೆಟ್ ಎನ್ನುವುದನ್ನು ಓದುಗರು ಬಲ್ಲರು. ಆದರೆ ಊರಿನ ಸಂಪತ್ತು ಕುಗ್ಗಿದಂತೆ ಖರ್ಚು ಕುಗ್ಗಲಿಲ್ಲ. ಸಾಲ ಬೆಳೆಯಿತು, ಮನೆತೆರಿಗೆಯ ಹೊರೆ ಹೆಚ್ಚಿತು, 1871ರಲ್ಲಿ ತೆರಿಗೆ ಕೊಡುವವರ ಸಿಟ್ಟು ಬೀದಿಗೆ ಬಂತು. ಎಲ್ಲರೂ ಕ್ರಾಫರ್ಡನ ತಲೆಯನ್ನೇ ಕೇಳುತ್ತಿದ್ದಾಗ, ಇಪ್ಪತ್ತಾರು ವರ್ಷದ ತರುಣ ವಕೀಲ ಫಿರೋಜಶಾ ಮೆಹತಾ ಎದ್ದು ಬೇರೊಂದು ಮಾತು ಹೇಳಿದರು. ತಪ್ಪು ಒಬ್ಬ ಮನುಷ್ಯನದಲ್ಲ, ಅವನ ಲೆಕ್ಕವನ್ನು ಕೇಳಲು ಜನರು ಆರಿಸಿದ ಸಭೆಯೇ ಇಲ್ಲದ ಏರ್ಪಾಟಿನದು; ಕೆಲಸ ಮಾಡಲು ಒಬ್ಬನೇ ಅಧಿಕಾರಿ ಇರಲಿ, ಆದರೆ ಅವನ ಮೇಲೆ ಜನರ ಕಣ್ಣು ಇರಲಿ ಎಂಬುದು ಅವರ ವಾದದ ಸಾರಾಂಶ. ಕ್ರಾಫರ್ಡ್ ಹುದ್ದೆ ಬಿಟ್ಟನು. 1872ರ ಕಾಯಿದೆಯಂತೆ 64 ಸದಸ್ಯರ ಕಾರ್ಪೊರೇಷನ್ ಏರ್ಪಟ್ಟಿತು. ಅದರಲ್ಲಿ ಅರ್ಧ ಭಾಗ, ಎಂದರೆ 32 ಮಂದಿ, ತೆರಿಗೆ ಕೊಡುವವರಿಂದ ಆಯ್ಕೆಯಾಗಬೇಕಾಯಿತು. ನಿಶ್ಚಿತ ಮೊತ್ತದ ತೆರಿಗೆ ಕೊಡಲಾರದ ಬಡವನಿಗೆ ಆಗ ಮತವಿರಲಿಲ್ಲ. ಅವನಿಗೆ ಮತ ಬರಲು 1948ರ ಚುನಾವಣೆಯವರೆಗೆ ಕಾಯಬೇಕಾಯಿತು. ಹೇಗೂ ಇರಲಿ, ಮುಂಬಯಿಯ ಪೌರಸ್ವಾತಂತ್ರ್ಯ ಹುಟ್ಟಿದ್ದು ಜಮಾಖರ್ಚಿನ ಜಗಳದಿಂದ ಎಂಬುದನ್ನು ಮರೆಯುವಂತಿಲ್ಲ.

ಇನ್ನು ನ್ಯೂಯಾರ್ಕಿಗೆ ಹೋಗೋಣ. ಇಲ್ಲಿ ಮತದ ಹಕ್ಕಿಗೇನೂ ಕೊರತೆಯಿರಲಿಲ್ಲ. ಮೇಯರನನ್ನೂ ಲೆಕ್ಕಪತ್ರದ ಮುಖ್ಯಾಧಿಕಾರಿಯನ್ನೂ ಜನರೇ ನೇರವಾಗಿ ಆರಿಸುತ್ತಾರೆ. ಅದು ವಲಸೆಗಾರರ ಊರು. ಐರ್ಲೆಂಡಿನವರು, ಇಟಲಿಯವರು, ಯೆಹೂದ್ಯರು, ಆಮೇಲೆ ದಕ್ಷಿಣದ ಹೊಲಗಳಿಂದ ಬಂದ ಕರಿಯರು, ಪೋರ್ಟೊರಿಕೊ ದ್ವೀಪದವರು, ಹೀಗೆ ಅಲೆಯ ಮೇಲೆ ಅಲೆಯಾಗಿ ಬಂದವರನ್ನು ಆ ನಗರ ಕೈಹಿಡಿದು ನಡೆಸಿತು. ನಗರಸಭೆಯದೇ ಆಸ್ಪತ್ರೆಗಳಿದ್ದವು. 1847ರಲ್ಲಿ ಸ್ಥಾಪನೆಯಾದ ಕಾಲೇಜಿನಿಂದ ಮೊದಲಾಗಿ ಅದರ ಉಚ್ಚ ಶಿಕ್ಷಣಕ್ಕೆ ಶುಲ್ಕವಿರಲಿಲ್ಲ. ದರ್ಜಿಯ ಮಗ, ಬೀದಿ ವ್ಯಾಪಾರಿಯ ಮಗ ಪುಕ್ಕಟೆಯಾಗಿ ಓದಿ ವೈದ್ಯನೋ ವಿಜ್ಞಾನಿಯೋ ಆಗುವುದು ಸಾಧ್ಯವಿತ್ತು. ನಮ್ಮ ಹಿರಿಯರಲ್ಲಿ ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು ಇರುಳು ರಾತ್ರಿಶಾಲೆಯಲ್ಲಿ ಓದಿದವರು ಎಷ್ಟೋ ಮಂದಿ. ಅಂಥ ಊರಿನ ಬೆಲೆ ಏನೆಂಬುದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಕಾಲ ತಿರುಗಿತು. ಕಾರಖಾನೆಗಳು ಅಗ್ಗದ ನೆಲ, ಅಗ್ಗದ ಕೂಲಿ ಹುಡುಕಿಕೊಂಡು ಊರು ಬಿಟ್ಟವು. ಉಳ್ಳವರು ಹೊರವಲಯದ ಹೊಸ ಮನೆಗಳಿಗೆ ಹೋದರು. 1969ರಿಂದ ಮುಂದಿನ ಏಳೆಂಟು ವರ್ಷಗಳಲ್ಲಿ ಸುಮಾರು 6 ಲಕ್ಷ ಉದ್ಯೋಗಗಳು ನಗರದಿಂದ ಮಾಯವಾದವು. 1970ರಲ್ಲಿ 79 ಲಕ್ಷದಷ್ಟಿದ್ದ ಜನಸಂಖ್ಯೆ 1980ರಲ್ಲಿ 71 ಲಕ್ಷಕ್ಕೆ ಇಳಿಯಿತು. ತೆರಿಗೆ ಕೊಡುವವನು ಹೋದನು, ಆಸರೆ ಬೇಕಾದವನು ಉಳಿದನು. ಬಡವರ ನೆರವಿನ ವೆಚ್ಚದಲ್ಲಿ ಒಂದು ಪಾಲನ್ನು ರಾಜ್ಯದ ಕಾಯಿದೆಯಂತೆ ನಗರವೇ ಹೊರಬೇಕಾಗಿತ್ತು. ನೌಕರರು ಸುಮಾರು 3 ಲಕ್ಷ ಮಂದಿ. ಅವರ ಸಂಘಗಳು ಬಲವಾಗಿದ್ದವು, ಸಂಬಳವೂ ನಿವೃತ್ತಿವೇತನವೂ ವರ್ಷದಿಂದ ವರ್ಷಕ್ಕೆ ಏರಿದವು. ಹಾಸಿಗೆ ಗಿಡ್ಡವಾಗುತ್ತಿತ್ತು, ಕಾಲು ಉದ್ದವಾಗುತ್ತಿತ್ತು.

ಇದನ್ನು ಜನರ ಮುಂದಿಟ್ಟು, ಇಷ್ಟು ಆದಾಯ, ಇಷ್ಟು ವೆಚ್ಚ, ಯಾವುದನ್ನು ಬಿಡೋಣ ಎಂದು ಕೇಳಬಹುದಾಗಿತ್ತು. ಯಾವ ಮೇಯರನೂ ಹಾಗೆ ಕೇಳಲಿಲ್ಲ. ಬದಲಾಗಿ ಲೆಕ್ಕದ ಪುಸ್ತಕಕ್ಕೇ ಬಣ್ಣ ಬಳಿದರು. ಸೇತುವೆ, ಶಾಲೆಯ ಕಟ್ಟಡ ಮುಂತಾದ ಬಹುಕಾಲ ಬಾಳುವ ಕೆಲಸಗಳಿಗಾಗಿ ಎತ್ತುವ ಸಾಲದಲ್ಲಿ ದಿನನಿತ್ಯದ ಸಂಬಳದ ವೆಚ್ಚವನ್ನು ತೂರಿಸಿದರು. ಎಂದೂ ವಸೂಲಾಗದ ತೆರಿಗೆಯ ಬಾಕಿಯನ್ನು ಬರಬೇಕಾದ ಹಣವೆಂದು ಬರೆದು, ಅದರ ಆಧಾರದ ಮೇಲೆ ಕೆಲವು ತಿಂಗಳ ಅವಧಿಯ ಸಾಲಪತ್ರಗಳನ್ನು ಮಾರಿದರು. ಜೂನ್ ಕೊನೆಯ ಸಂಬಳದ ದಿನವನ್ನು ಜುಲೈಗೆ ಸರಿಸಿ, ವೆಚ್ಚವನ್ನು ಮುಂದಿನ ವರ್ಷದ ಪುಟಕ್ಕೆ ದಾಟಿಸಿದರು. ಮನೆಯ ಯಜಮಾನನು ಕಿರಾಣಿ ಅಂಗಡಿಯ ಬಾಕಿಯನ್ನು ತೀರಿಸಲು ಹಾಲಿನವನಲ್ಲಿ ಸಾಲ ಮಾಡಿ, ಹಾಲಿನವನಿಗೆ ಕೊಡಲು ಮತ್ತೆ ಕಿರಾಣಿಯವನಲ್ಲಿ ಬರೆಸಿದಂತೆ ಇದು. ಬ್ಯಾಂಕುಗಳಿಗೆ ಬಡ್ಡಿ ಬರುತ್ತಿತ್ತು, ಅವು ಸುಮ್ಮನಿದ್ದವು. ಸಂಘಗಳಿಗೆ ಬಡ್ತಿ ಸಿಗುತ್ತಿತ್ತು, ಅವೂ ಸುಮ್ಮನಿದ್ದವು. ಮತದಾರನಿಗೆ ಸೌಕರ್ಯ ದೊರೆಯುತ್ತಿತ್ತು, ಅವನೂ ಸುಮ್ಮನಿದ್ದನು. 1975ರ ಹೊತ್ತಿಗೆ ಬೇಗನೆ ತೀರಿಸಬೇಕಾದ ಸಾಲವೇ ಸುಮಾರು 600 ಕೋಟಿ ಡಾಲರಿಗೆ ಬೆಳೆದಿತ್ತು.

ಆ ವರ್ಷದ ವಸಂತದಲ್ಲಿ ಬ್ಯಾಂಕುಗಳು ಇನ್ನು ನಿಮ್ಮ ಪತ್ರಗಳನ್ನು ಮಾರಲಾರೆವೆಂದು ಕೈ ಚೆಲ್ಲಿದವು. ಆಗ ಮೇಯರನಾಗಿದ್ದವನು ಏಬ್ರಹಾಂ ಬೀಮ್. ಮೊದಲು ನಗರದ ಲೆಕ್ಕಾಧಿಕಾರಿಯಾಗಿದ್ದವನೇ. ಅವನೂ ರಾಜ್ಯದ ಗವರ್ನರ್ ಹ್ಯೂ ಕೇರಿಯೂ ವಾಷಿಂಗ್ಟನ್ನಿಗೆ ಹೋಗಿ ಅಧ್ಯಕ್ಷ ಫೋರ್ಡನನ್ನು ಬೇಡಿದರು, ಇಲ್ಲವೆಂದಾಯಿತು. ಜೂನಿನಲ್ಲಿ ರಾಜ್ಯವು ಬೇರೊಂದು ಸಂಸ್ಥೆಯನ್ನು ಕಟ್ಟಿ, ನಗರದ ಮಾರಾಟ ತೆರಿಗೆಯನ್ನು ಅದರ ವಶಕ್ಕಿತ್ತು, ಅದರ ಹೆಸರಿನಲ್ಲಿ ಸಾಲ ಎತ್ತಲು ಹೊರಟಿತು. ಅಷ್ಟರಿಂದ ತೀರುವ ಸಂಕಟ ಅದಾಗಿರಲಿಲ್ಲ. ಸಾವಿರ ಸಾವಿರ ನೌಕರರನ್ನು ಬಿಡುಗಡೆ ಮಾಡುವೆವೆಂದು ಮೇಯರ್ ಸಾರಿದನು.

ಎಷ್ಟು ಜನ, ಯಾವ ಇಲಾಖೆ, ಯಾವ ದಿನ? ಈ ಮೂರು ಪ್ರಶ್ನೆಗಳ ಉತ್ತರ ವಾರಕ್ಕೊಮ್ಮೆ ಬದಲಾಗುತ್ತಿತ್ತು. ಸಂಬಳ ಎಷ್ಟೇ ಕಡಿಮೆಯಿರಲಿ, ಅದು ಬರುವ ದಿನ ಗೊತ್ತಿದ್ದರೆ ಸಂಸಾರ ಹೇಗೋ ಸಾಗುತ್ತದೆ. ಬರುವುದೋ ಇಲ್ಲವೋ ತಿಳಿಯದ ಮನೆಯಲ್ಲಿ ಮಗುವಿನ ಶಾಲೆಯ ಮಾತು, ಮಗಳ ಮದುವೆಯ ಮಾತು, ಊರಿಗೆ ಕಳುಹಿಸುವ ಹಣದ ಮಾತು ಎಲ್ಲವೂ ಅರ್ಧಕ್ಕೆ ನಿಲ್ಲುತ್ತವೆ. ಗಿರಣಿ ಮುಚ್ಚುವ ಸುದ್ದಿಯನ್ನು ಕೇಳಿದ ಮುಂಬಯಿಯ ಚಾಳುಗಳು ಇದನ್ನು ಚೆನ್ನಾಗಿ ಬಲ್ಲವು.

ಪೊಲೀಸರ ಮತ್ತು ಅಗ್ನಿಶಾಮಕ ದಳದವರ ಸಂಘಗಳು ಸಿಟ್ಟಿಗೆದ್ದು ಒಂದು ಕರಪತ್ರ ಅಚ್ಚು ಹಾಕಿಸಿದವು. ಅದರ ಮೇಲೆ ತಲೆಬುರುಡೆಯ ಚಿತ್ರ. ಇದು ಭಯದ ನಗರ, ಸಂಜೆ ಆರರ ಮೇಲೆ ಬೀದಿಗೆ ಬರಬೇಡಿ, ನೆಲದಡಿಯ ರೈಲು ಹತ್ತಬೇಡಿ ಎಂದು ಪ್ರವಾಸಿಗರಿಗೆ ಬುದ್ಧಿವಾದ! ತಾವು ಕಾಯುವ ಊರಿನ ಮಾನವನ್ನು ತಾವೇ ಹರಾಜಿಗಿಟ್ಟಂತಾಯಿತು. ಹೊಟ್ಟೆಗೆ ಪೆಟ್ಟು ಬಿದ್ದವನ ವಿವೇಕ ಎಲ್ಲಿಯವರೆಗೆ ನಿಂತೀತು ಎಂದು ಕೇಳುವವರೂ ಇದ್ದರು.

1975ರ ಜುಲೈ 1ರಂದು ಕತ್ತಿ ಬಿತ್ತು. ಹತ್ತೊಂಬತ್ತು ಸಾವಿರದಷ್ಟು ಜನರ ಕೆಲಸ ಒಂದೇ ದಿನ ಹೋಯಿತು. ಅವರಲ್ಲಿ 5,000 ಪೊಲೀಸರು. ಕಸ ಸಾಗಿಸುವವರು, ಬೆಂಕಿ ಆರಿಸುವವರು ಸಾವಿರಗಟ್ಟಲೆ. ಕೆಲಸ ಕಳೆದುಕೊಂಡ ಪೊಲೀಸರು ಹೋಗಿ ಬ್ರೂಕ್ಲಿನ್ ಸೇತುವೆಯ ಮೇಲೆ ವಾಹನಗಳನ್ನು ತಡೆದು ನಿಂತರು. ಅವರನ್ನು ಚದರಿಸಲು ಬಂದವರು ಕೆಲಸ ಉಳಿದಿದ್ದ ಪೊಲೀಸರು. ಕಸ ಸಾಗಿಸುವವರು ಸಂಘದ ಅಪ್ಪಣೆಗೂ ಕಾಯದೆ ಕೆಲಸ ನಿಲ್ಲಿಸಿದರು. ಬೇಸಿಗೆಯ ಆ ಮೂರು ದಿನ ಲೋಕದ ಅತ್ಯಂತ ಶ್ರೀಮಂತ ನಗರಗಳಲ್ಲೊಂದರ ಬೀದಿಗಳಲ್ಲಿ ಕಸದ ದಿಬ್ಬಗಳು ಬೆಳೆದು ನಾತ ಹಬ್ಬಿತು. ಕಸದ ಗಾಡಿಯವನ ಬೆಲೆ ಅವನು ಬಂದ ದಿನ ಯಾರಿಗೂ ತಿಳಿಯುವುದಿಲ್ಲ, ಬಾರದ ದಿನ ಎಲ್ಲರಿಗೂ ತಿಳಿಯುತ್ತದೆ. ಕೆಲವು ದಿನಗಳಲ್ಲೇ ಹಣ ಹೊಂದಿಸಿ ಸುಮಾರು 2,000 ಪೊಲೀಸರನ್ನೂ ಇನ್ನಿತರ ಕೆಲವರನ್ನೂ ಮರಳಿ ಕರೆದರು. ಕರೆ ಬಂದವನು ನಾಳೆ ಉಳಿಯುವೆನೋ ಎಂಬ ಅಳುಕಿನಿಂದಲೇ ಸಮವಸ್ತ್ರ ತೊಟ್ಟನು.

ಇಲ್ಲಿ ನಾವು ಒಂದು ಕ್ಷಣ ನಿಂತು ನೋಡಬೇಕಾದ ಸಂಗತಿ ಇದೆ. ಯಾರನ್ನು ತೆಗೆಯಬೇಕೆಂಬುದಕ್ಕೆ ಒಂದು ನಿಯಮವಿತ್ತು: ಕೊನೆಗೆ ಸೇರಿದವನು ಮೊದಲು ಹೋಗತಕ್ಕದ್ದು. ಕೇಳಲು ಇದು ನ್ಯಾಯವಾಗಿಯೇ ಇದೆ. ಇಪ್ಪತ್ತು ವರ್ಷ ದುಡಿದವನನ್ನು ಬಿಟ್ಟು ನಿನ್ನೆ ಬಂದವನನ್ನು ಇಟ್ಟುಕೊಳ್ಳೆಂದು ಯಾರು ಹೇಳಿಯಾರು? ಆದರೆ ಕೊನೆಗೆ ಸೇರಿದವರು ಯಾರು? ಎಷ್ಟೋ ಕಾಲ ಬಾಗಿಲು ಮುಚ್ಚಿದ್ದರಿಂದ ಹೊರಗೆ ನಿಂತಿದ್ದವರು. ಕರಿಯರಿಗೂ ಪೋರ್ಟೊರಿಕೊದವರಿಗೂ ನಗರದ ಒಳ್ಳೆಯ ಕೆಲಸಗಳು ಸಿಗತೊಡಗಿದ್ದು ಅದಕ್ಕೆ ಕೆಲವೇ ವರ್ಷ ಮೊದಲು. ಹೆಂಗಸರಿಗೆ ಗಂಡಸರಂತೆಯೇ ಗಸ್ತಿನ ಕೆಲಸಕ್ಕೆ ಹೋಗಲು ಅವಕಾಶ ದೊರೆತದ್ದು 1970ರ ದಶಕದ ಆರಂಭದಲ್ಲಿ. ಜುಲೈ 1ರ ಪಟ್ಟಿಯಲ್ಲಿ ಆ ಹೆಂಗಸರಲ್ಲಿ ಹೆಚ್ಚಿನವರ ಹೆಸರಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ನಮ್ಮ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು. ಸುಳ್ಳು ಲೆಕ್ಕ ಬರೆದ ಕಾಲದಲ್ಲಿ ಅವರಲ್ಲಿ ಬಹುಮಂದಿ ನೌಕರಿಯಲ್ಲೇ ಇರಲಿಲ್ಲ. ಕೂಡಿಟ್ಟ ತಪ್ಪಿನ ಬಿಲ್ಲು ಮಾತ್ರ ಅವರ ಕೈಗೆ ಬಂತು.

ಸಂಕಟದ ತುದಿ ಬಂದದ್ದು ಅಕ್ಟೋಬರಿನಲ್ಲಿ. ಆ ತಿಂಗಳ 17ರಂದು ನಗರವು 45 ಕೋಟಿ 30 ಲಕ್ಷ ಡಾಲರಿನ ಸಾಲಪತ್ರಗಳನ್ನು ತೀರಿಸಬೇಕಾಗಿತ್ತು. ಬೊಕ್ಕಸದಲ್ಲಿ ಹಣವಿರಲಿಲ್ಲ. ನಗರ ದಿವಾಳಿಯಾಯಿತೆಂದು ಸಾರುವ ಮೇಯರನ ಹೇಳಿಕೆ ಸಿದ್ಧವಾಗಿತ್ತು. ಅಂದು ಉಳಿದದ್ದು ಒಂದೇ ದಾರಿ: ಶಿಕ್ಷಕರ ನಿವೃತ್ತಿನಿಧಿಯಿಂದ 15 ಕೋಟಿ ಡಾಲರು. ಶಿಕ್ಷಕರ ಸಂಘದ ಮುಖಂಡ ಆಲ್ಬರ್ಟ್ ಶಾಂಕರ್ ಮೊದಲು ಒಪ್ಪಲಿಲ್ಲ. ಸಾವಿರಾರು ಶಿಕ್ಷಕರು ಆಗಲೇ ಕೆಲಸ ಕಳೆದುಕೊಂಡಿದ್ದರು. ತರಗತಿಗಳು ತುಂಬಿ ತುಳುಕುತ್ತಿದ್ದವು. ಹಿಂದಿನ ತಿಂಗಳಷ್ಟೇ ಅವರು ಮುಷ್ಕರ ಮಾಡಿ ಬಂದಿದ್ದರು. ಇನ್ನು ಮುಪ್ಪಿನ ಕಾಲದ ಗಂಟನ್ನೂ ಈ ಮುಳುಗುವ ಹಡಗಿಗೆ ಹಾಕಬೇಕೆ? ಹಾಕದಿದ್ದರೆ ಹಡಗೇ ಮುಳುಗಿ, ಉಳಿದ ಶಿಕ್ಷಕರ ಸಂಬಳವೂ ಹೋದೀತು. ಅತ್ತ ದರಿ, ಇತ್ತ ಪುಲಿ. ಕೊನೆಗೆ ಅಂದಿನ ಮಧ್ಯಾಹ್ನ ಶಾಂಕರ್ ಒಪ್ಪಿದನು. ಕೆಲವೇ ಗಂಟೆಗಳ ಅಂತರದಲ್ಲಿ ನಗರ ಉಳಿಯಿತು. ಮುಂದೆ ಬೇರೆ ಬೇರೆ ನೌಕರರ ನಿಧಿಗಳೂ ಸೇರಿ ಸುಮಾರು 250 ಕೋಟಿ ಡಾಲರಿನಷ್ಟು ನಗರದ ಸಾಲಕ್ಕೆ ಆಧಾರವಾದವು. ದುಂದುಗಾರರೆಂದು ಎಲ್ಲರ ಬಾಯಿಗೆ ಬಿದ್ದಿದ್ದ ನೌಕರರೇ ತಮ್ಮ ಮುಪ್ಪಿನ ಅನ್ನವನ್ನು ಒತ್ತೆಯಿಟ್ಟು ಊರನ್ನು ಕಾಪಾಡಿದರೆಂಬುದು ಚರಿತ್ರೆಯ ವಿಚಿತ್ರ.

ಅಕ್ಟೋಬರ್ 29ರಂದು ಅಧ್ಯಕ್ಷ ಫೋರ್ಡ್ ನಗರಕ್ಕೆ ನೆರವು ನೀಡುವ ಮಸೂದೆ ಬಂದರೆ ತಡೆಯುವೆನೆಂದು ಭಾಷಣ ಮಾಡಿದನು. ಮರುದಿನ ಅಲ್ಲಿಯ ಡೈಲಿ ನ್ಯೂಸ್ ಪತ್ರಿಕೆ, ಸತ್ತು ಹೋಗೆಂದು ಫೋರ್ಡ್ ನಗರಕ್ಕೆ ಹೇಳಿದನೆಂಬ ಅರ್ಥ ಬರುವಂತೆ ತಲೆಬರಹ ಹಾಕಿತು. ಆ ಮಾತುಗಳನ್ನು ಅವನು ಆಡಿರಲಿಲ್ಲ. ಆದರೆ ಜನರ ನೆನಪಿನಲ್ಲಿ ಉಳಿದದ್ದು ತಲೆಬರಹವೇ. ಒಂದೆರಡು ತಿಂಗಳೊಳಗೆ ಅವನ ಮನಸ್ಸು ತಿರುಗಿತು. ಡಿಸೆಂಬರಿನಲ್ಲಿ ವರ್ಷಕ್ಕೆ 230 ಕೋಟಿ ಡಾಲರಿನವರೆಗೆ ಬಡ್ಡಿಯ ಸಾಲ ಕೊಡುವ ಕಾಯಿದೆಗೆ ಅವನೇ ಸಹಿ ಹಾಕಿದನು. ಆ ಸಾಲವನ್ನು ನಗರ ಬಡ್ಡಿಸಹಿತ ತೀರಿಸಿತು.

ನಗರ ಉಳಿಯಿತು ಎಂದೆವಷ್ಟೆ. ಯಾವ ಬೆಲೆಗೆ ಎಂಬುದನ್ನೂ ಹೇಳಬೇಕು. ರೈಲಿನ ದರ 35 ಸೆಂಟಿನಿಂದ 50 ಸೆಂಟಿಗೆ ಏರಿತು. 129 ವರ್ಷ ನಡೆದ ಪುಕ್ಕಟೆ ಕಾಲೇಜು ಶಿಕ್ಷಣ 1976ರಲ್ಲಿ ಕೊನೆಗೊಂಡಿತು. ಹಿಂದಿನ ವಲಸೆಗಾರರ ಮಕ್ಕಳು ಹತ್ತಿದ ಏಣಿಯನ್ನು ಹೊಸ ವಲಸೆಗಾರರ ಮಕ್ಕಳು ಬಂದ ಹೊತ್ತಿಗೆ ತೆಗೆದಿಟ್ಟಂತಾಯಿತು. ಕೆಲವೇ ವರ್ಷಗಳಲ್ಲಿ ಸುಮಾರು 60 ಸಾವಿರ ಹುದ್ದೆಗಳು ಇಲ್ಲವಾದವು. ಬ್ರೂಕ್ಲಿನ್ನಿನ ನಾರ್ತ್‌ಸೈಡ್ ಎಂಬ ದುಡಿಯುವವರ ಕೇರಿಯಲ್ಲಿ ಅಗ್ನಿಶಾಮಕ ಠಾಣೆಯೊಂದನ್ನು ಮುಚ್ಚಲು ಅಧಿಕಾರಿಗಳು ಬಂದಾಗ, ಕೇರಿಯ ಜನ ಒಳಹೊಕ್ಕು ಬೆಂಕಿಯ ಗಾಡಿಯನ್ನು ಬಿಡದೆ ಕುಳಿತರು. ಒಂದು ವರ್ಷಕ್ಕೂ ಹೆಚ್ಚು ಕಾಲ ಸರದಿಯ ಮೇಲೆ ಕಾವಲಿದ್ದು, ಕೊನೆಗೆ ಠಾಣೆಯನ್ನು ತೆರೆಯಿಸಿಯೇ ಬಿಟ್ಟರು. ಅವರ ಕೈಯಲ್ಲಿ ಇದ್ದದ್ದು ಹಣವಲ್ಲ, ಒಗ್ಗಟ್ಟು. ಲೆಕ್ಕವನ್ನು ಮುಚ್ಚಿಡದೆ ಎಲ್ಲರೂ ಒಪ್ಪುವ ಕ್ರಮದಲ್ಲಿ ಬರೆಯಬೇಕು, ಮುಂದಿನ ನಾಲ್ಕು ವರ್ಷಗಳ ಅಂದಾಜನ್ನು ಮೊದಲೇ ಹೇಳಬೇಕು ಎಂಬ ಕಟ್ಟುಪಾಡು ಬಂತು. 1981ರಲ್ಲಿ ಮುಂಗಡಪತ್ರ ಮತ್ತೆ ಸರಿತೂಗಿತು.

ತಪ್ಪು ಯಾರದು? ಸಂಘಗಳದೆಂದು ಕೆಲವರು, ಬ್ಯಾಂಕುಗಳದೆಂದು ಕೆಲವರು, ರಾಜಕಾರಣಿಗಳದೆಂದು ಎಲ್ಲರೂ ಹೇಳಿದರು. ಸಂಬಳ ಹೆಚ್ಚಾದುದು ನಿಜ, ಬಡ್ಡಿಯ ಆಸೆಯೂ ನಿಜ, ಕಾರಖಾನೆಗಳು ಊರು ಬಿಟ್ಟದ್ದೂ ನಿಜ. ಆದರೆ ಕೊರತೆಯೇ ಅಪರಾಧವಲ್ಲ. ಬಡವರ ಮನೆಗೂ ಕೊರತೆ ಬರುತ್ತದೆ. ಗಂಡ ಹೆಂಡಿರು ಕುಳಿತು ಮಾತನಾಡಿಕೊಂಡರೆ ಸಂಸಾರ ಉಳಿಯುತ್ತದೆ. ಕೊರತೆಯನ್ನು ಮುಚ್ಚಿಡುವುದು ಅಪರಾಧ. ಮುಚ್ಚಿಟ್ಟ ಒಂದೊಂದು ವರ್ಷವೂ ಕತ್ತಿಗೆ ಸಾಣೆ ಹಿಡಿಯುತ್ತದೆ, ಆ ಕತ್ತಿ ಬೀಳುವುದು ಕೊನೆಗೆ ಬಂದವನ ಕೊರಳ ಮೇಲೆ.

ಕೊನೆಗೆ ಬಂದವರು ಎಂದರೆ ಯಾರು, ಬಂಧುಗಳೆ? ಈ ಮಹಾನಗರದಲ್ಲಿ ನಾವೂ ಒಂದು ಕಾಲಕ್ಕೆ ಕೊನೆಗೆ ಬಂದವರೇ. ಇಂದು ನಮ್ಮ ನಂತರ ಬಂದವರು ನಮ್ಮ ಬೀದಿಯನ್ನು ಗುಡಿಸುತ್ತಿದ್ದಾರೆ. ಅವರಲ್ಲಿ ಎಷ್ಟೋ ಮಂದಿ ಗುತ್ತಿಗೆಯ ಕೂಲಿಯವರು. ಮುಂಬಯಿ ನಗರಸಭೆಗೆ ಬಹುಕಾಲ ದೊಡ್ಡ ಆದಾಯವಾಗಿದ್ದ ಆಕ್ಟ್ರಾಯ್ ಸುಂಕ 2017ರ ಜುಲೈ 1ರಂದು ನಿಂತು, ಅದರ ಬದಲಿಗೆ ರಾಜ್ಯ ಸರಕಾರದಿಂದ ಪರಿಹಾರದ ಹಣ ಬರುವ ಏರ್ಪಾಟಾಯಿತು. ನಮ್ಮ ಊರಿನ ಬೊಕ್ಕಸದ ಒಂದು ಕೀಲಿಕೈ ಈಗ ಬೇರೆಯವರ ಸೊಂಟದಲ್ಲಿದೆಯೆಂಬುದನ್ನು ತಿಳಿದಿರುವುದು ಒಳ್ಳೆಯದು. ಸಂಕಟ ಬಂದೇ ಬರುತ್ತದೆಂದು ನಾವು ಹೇಳುವುದಿಲ್ಲ. ಬಂದ ದಿನ ಮೊದಲು ಕೇಳಿಬರುವ ಹೆಸರು ಯಾವುದೆಂದು ಮಾತ್ರ ಯೋಚಿಸಬೇಕು. ಮಕ್ಕಳು ಕಡಿಮೆಯಾದ ಕನ್ನಡ ಶಾಲೆಯ ಶಿಕ್ಷಕನ ಹೆಸರು ಆ ಪಟ್ಟಿಯ ಕೆಳಗಡೆ ಇರಲಾರದು.

ಆದುದರಿಂದ ನಮ್ಮದೊಂದು ಸಣ್ಣ ಸೂಚನೆ. ನವೆಂಬರಿನಲ್ಲಿ ನಾವು ಕೂಡುತ್ತೇವೆ, ತಾಯಿ ಭುವನೇಶ್ವರಿಯನ್ನು ಪೂಜಿಸುತ್ತೇವೆ, ನಾಟಕವಾಡುತ್ತೇವೆ, ಇವೆಲ್ಲ ಇರಬೇಕಾದದ್ದೇ. ಅದಾದ ಮೂರು ತಿಂಗಳಿಗೆ, ಫೆಬ್ರವರಿಯ ಸುಮಾರಿಗೆ, ನಗರಸಭೆಯ ಮುಂಗಡಪತ್ರ ಪ್ರಕಟವಾಗುತ್ತದೆ. ಆಗ ಇನ್ನೊಂದು ಸಂಜೆ ಕೂಡೋಣ. ಲೆಕ್ಕ ಬಲ್ಲ ತರುಣರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಅವರು ಓದಿ ಹೇಳಲಿ. ಆದಾಯವೆಷ್ಟು, ಸಾಲವೆಷ್ಟು, ಕಸ ತೆಗೆಯುವವನಿಗೆಷ್ಟು, ಕನ್ನಡ ಶಾಲೆಗೆಷ್ಟು ಎಂದು ಕೇಳೋಣ. ಮುಂಬಯಿಯ ಜನ 1871ರಲ್ಲಿ ಜಗಳವಾಡಿ ಗಳಿಸಿದ ಹಕ್ಕು ಅದು. ನ್ಯೂಯಾರ್ಕಿನವರು ಬಳಸದೆ ಕೆಟ್ಟ ಹಕ್ಕೂ ಅದೇ.